ಜರ್ಮನಿಯ ಮನೆಯಲ್ಲಿ ಎರಡನೇ ಪಂಕ್ತಿ

ಇದನ್ನು ಬರೆಯುತ್ತೇನೆಂದು ನನಗೆ ನಾನೇ ಮಾತು ಕೊಟ್ಟು ಆರು ವರ್ಷವಾಯಿತು. ಮೊದಲು ತೊಗರಿ ರಾಶಿ ಮುಗಿಯಲಿ ಅಂದುಕೊಂಡೆ. ಆಮೇಲೆ ಮೊಮ್ಮಗಳ ಮದುವೆ ಬಂತು. ಆಮೇಲೆ ಕಣ್ಣಿನ ಪೊರೆ ತೆಗೆಸುವುದಿತ್ತು. ಪೊರೆ ತೆಗೆಸಿಯೂ ಎರಡು ವರ್ಷವಾಯಿತು, ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಇನ್ನು ನೆವ ಉಳಿದಿಲ್ಲ.

ನಮ್ಮ ಹಾಡಿನ ಮೇಳ ತೆಲಂಗಾಣದ ಜಹೀರಾಬಾದಿನಿಂದ ಜರ್ಮನಿಗೆ ಹೋಗಿ ಸೈ ಅನಿಸಿಕೊಂಡು ಬಂದ ಕಥೆಯನ್ನು ನಾನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ದವಾಖಾನೆಯ ಸಾಲಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಪ್ರತಿ ಸಲವೂ ಒಂದು ಭಾಗ ಬಿಟ್ಟು ಹೇಳಿದ್ದೇನೆ. ಆ ಭಾಗ ಬಿಟ್ಟರೆ ಕಥೆ ಇನ್ನೂ ಚಂದ ಕಾಣುತ್ತದೆ, ಯಾಕೆಂದರೆ ಅದರಲ್ಲಿ ನಾನು ಚಂದ ಕಾಣುತ್ತೇನೆ.

ನಾನು ನ್ಯಾಲ್ಕಲ್ ಕಡೆಯ ಒಂದು ಹಳ್ಳಿಯವನು. ಹತ್ತನೇ ತರಗತಿ ಪಾಸಾಗಿ ತಾಂಡೂರಿನ ಒಂದು ಕಲ್ಲು ಪಾಲಿಷ್ ಕಾರ್ಖಾನೆಯಲ್ಲಿ ಗುಮಾಸ್ತನಾದೆ. ಲಾರಿಗೆ ಹೇರುವ ಬಂಡೆಗಳನ್ನು ನೋಡುತ್ತಾ, ಕಲ್ಲಿನ ಪುಡಿ ಕುಡಿಯುತ್ತಾ ಮೂವತ್ತು ವರ್ಷ ಕಳೆದೆ. ಆದರೂ ದನಿ ಕೆಡಲಿಲ್ಲ. ಊರಲ್ಲಿ ಹೊಲವಿದೆ, ಹಿರಿಯರ ಹೆಸರಿದೆ, ನಮ್ಮನ್ನು ಗೌಡ್ರು ಎಂದು ಕರೆಯುತ್ತಾರೆ. ಹಾಡಲು ಕೂತರೆ ಎಲ್ಲರೂ ನನಗೆ ಮುಂದಿನ ಜಾಗ ಬಿಡುತ್ತಿದ್ದರು. ಅದು ದನಿಗೆ ಬಿಟ್ಟ ಜಾಗವೋ ಮನೆತನಕ್ಕೆ ಬಿಟ್ಟ ಜಾಗವೋ ನಾನು ಯೋಚಿಸಿರಲಿಲ್ಲ.

ಮೇಳ ಕಟ್ಟಿದವರು ಜಹೀರಾಬಾದಿನ ಒಬ್ಬ ಟೀಚರಮ್ಮ. ನಿವೃತ್ತಿಯಾದ ಮೇಲೆ ಸುಮ್ಮನಿರಲಾರದೆ, ಬಿತ್ತುವಾಗ, ಕಳೆ ತೆಗೆಯುವಾಗ, ರಾಶಿ ಮಾಡುವಾಗ ಹೇಳುವ ಪದಗಳನ್ನು ಬಲ್ಲವರನ್ನು ಹುಡುಕಿದರು. ಜಹೀರಾಬಾದ್, ನಾರಾಯಣಖೇಡ, ತಾಂಡೂರು, ಮೂರೂ ಕಡೆಯಿಂದ ಹದಿನಾಲ್ಕು ಜನ ಸೇರಿದೆವು. ಶನಿವಾರ ಮಧ್ಯಾಹ್ನ ಒಂದು ಶಾಲೆಯ ಖೋಲಿಯಲ್ಲಿ ತಾಲೀಮು. ಹೆಚ್ಚು ಪದ ಕನ್ನಡದವು, ನಾಲ್ಕಾರು ತೆಲುಗಿನವು.

ನಮ್ಮ ಕಡೆ ಪದ ಹೇಳುವುದಕ್ಕೆ ಒಂದು ರೀತಿಯುಂಟು. ಮುಂದಿನ ದನಿಯವನು ಒಂದು ಸಾಲು ಹೇಳುತ್ತಾನೆ. ಅವನು ಸಾಲು ಮುಗಿಸುವ ಮೊದಲೇ ಹಿಂದಿನ ದನಿಯವನು ಕೊನೆಯ ಮಾತನ್ನು ಹಿಡಿದು ಎತ್ತಿಕೊಳ್ಳಬೇಕು. ಆ ಹೊತ್ತಿನಲ್ಲಿ ಮುಂದಿನವನು ಉಸಿರು ತಗೊಳ್ಳುತ್ತಾನೆ. ಕೇಳುವವರಿಗೆ ಒಂದು ಎಳೆಯೂ ಹರಿದಂತೆ ಅನಿಸಬಾರದು. ಮುಂದಿನವನು ಮರೆತರೆ, ಕೆಮ್ಮಿದರೆ, ಹಿಂದಿನವನು ಅದನ್ನು ತನ್ನ ದನಿಯಿಂದ ಮುಚ್ಚಿಕೊಳ್ಳಬೇಕು. ಹೆಸರು ಮುಂದಿನವನದು, ಪದ ಉಳಿಸುವವನು ಹಿಂದಿನವನು.

ನನ್ನ ಹಿಂದಿನ ದನಿ ನಮ್ಮೂರಿನವನೇ. ನಾರಾಯಣಖೇಡದ ಒಂದು ಹೈಸ್ಕೂಲಿನಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಗಂಟೆ ಹೊಡೆಯುವ ನಡುವೆ ಅಲ್ಲಿನ ಲೈಬ್ರರಿಯ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದಾನೆ ಎಂದು ಜನ ಹೇಳುತ್ತಿದ್ದರು. ಅವರದು ಊರ ಹೊರಗಿನ ಕೇರಿ. ಅವನ ತಂದೆಯ ಕಾಲದಲ್ಲಿ ಕೇರಿಯವರೆಲ್ಲ ಬೌದ್ಧರಾದರು. ನಾವು ಊರವರು ಮಾತ್ರ ಮೊದಲು ಹೇಗಿದ್ದೆವೋ ಹಾಗೇ ಉಳಿದೆವು. ಅವನು ನನಗಿಂತ ಎರಡು ವರ್ಷ ದೊಡ್ಡವನು. ನನಗೆ ‘ಗೌಡ್ರೆ’ ಅನ್ನುತ್ತಿದ್ದ, ನಾನು ಅವನಿಗೆ ‘ಲೇ’ ಅನ್ನುತ್ತಿದ್ದೆ.

ನಮ್ಮ ಮೇಳಕ್ಕೆ ಹೆಸರು ತಂದ ಬೀಜದ ಪದ ಅವನ ತಾಯಿ ಶುಂಠಿ ಹೊಲದಲ್ಲಿ ಕಳೆ ತೆಗೆಯುತ್ತಾ ಕಟ್ಟಿದ್ದು. ‘ಬಿತ್ತಿದಾಕಿ ಕೈಯಾಗ ಬೆಳಕ ಅದ’ ಎಂದು ಅದರ ಪಲ್ಲವಿ. ಅದನ್ನು ಮುಂದೆ ನಿಂತು ಹೇಳುತ್ತಿದ್ದವನು ನಾನು. ಹಿಂದೆ ನಿಂತು ಎತ್ತಿಕೊಳ್ಳುತ್ತಿದ್ದವನು ಆಕೆಯ ಮಗ.

ತಾಲೀಮಿನ ಖೋಲಿಯಲ್ಲಿ ಒಂದು ಮಣ್ಣಿನ ಗಡಿಗೆ ಇತ್ತು. ನಾನು ಅದರ ನೀರು ಕುಡಿಯುತ್ತಿರಲಿಲ್ಲ. ಚೀಲದಲ್ಲಿ ನನ್ನದೇ ಬಾಟಲಿ. ಟೀಚರಮ್ಮ ಒಮ್ಮೆ ಕೇಳಿದಾಗ, “ನನಗ ಗ್ಯಾಸ್ ಟ್ರಬಲ್ ಅದ ರೀ, ನೀರು ಬದಲಿ ಆದ್ರ ಹೊಟ್ಟಿ ಕೆಡ್ತದ” ಅಂದೆ. ಗಡಿಗೆ ತುಂಬುತ್ತಿದ್ದವನು ಅವನು. ನನ್ನ ಹೊಟ್ಟೆ ಏನೆಂದು ಅವನಿಗೂ ಗೊತ್ತಿತ್ತು, ಉಳಿದ ಹನ್ನೆರಡು ಜನಕ್ಕೂ ಗೊತ್ತಿತ್ತು.

ಜರ್ಮನಿಯ ಒಂದು ಸಣ್ಣ ಊರಿನಿಂದ ಕೆಲವರು ಜೋಳ, ಸಜ್ಜೆ, ನವಣೆಯ ಬೀಜ ಕಾಪಾಡುವುದನ್ನು ನೋಡಲು ನಮ್ಮ ಕಡೆಗೆ ಬಂದಿದ್ದರು. ಅವರ ಎದುರು ಬೀಜದ ಪದ ಹೇಳಿದೆವು. ಅವರ ಊರಲ್ಲೂ ಒಂದು ಮೇಳ ಇತ್ತು. ಒಂದು ವರ್ಷದ ಮೇಲೆ ಕಾಗದ ಬಂತು: ಬನ್ನಿ, ನಮ್ಮೂರಲ್ಲಿ ಹಾಡಿ, ನಮ್ಮ ನಮ್ಮ ಮನೆಗಳಲ್ಲಿ ಇರಿ. ವಿಮಾನ ನೋಡದ ಹದಿನಾಲ್ಕು ಜನಕ್ಕೂ ಟೀಚರಮ್ಮ ಪಾಸ್‌ಪೋರ್ಟ್ ಮಾಡಿಸಿದರು. ಬೊಟ್ಟು ಒತ್ತಿ ಒತ್ತಿ, ಫೋಟೋ ತೆಗೆಸಿ ತೆಗೆಸಿ ಸಾಕಾಯಿತು. ನಾರಾಯಣಖೇಡದ ಒಬ್ಬ ಅಜ್ಜಿ, ನಮ್ಮ ಮೇಳದ ತಾಳದಾಕೆ, ಫೋಟೋದವನ ಜೊತೆ ಜಗಳ ತೆಗೆದಿದ್ದಳು. “ನಗಬ್ಯಾಡ ಅಂತಿ, ಅಳಬ್ಯಾಡ ಅಂತಿ, ಮತ್ತ ಹೆಣದ ಫೋಟೋ ತಗೀತಿಯೇನೋ ತಮ್ಮಾ?”

ಹೋಗುವಾಗ ಪ್ರತಿಯೊಬ್ಬರ ಚೀಲದಲ್ಲೂ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ನನ್ನ ಹೆಂಡತಿ ಒಂದು ಕಟ್ಟು ಮಾಡಿಕೊಟ್ಟಳು, ಅವನ ಹೆಂಡತಿಯೂ ಒಂದು ಕಟ್ಟು ಮಾಡಿಕೊಟ್ಟಿದ್ದಳು. ವಿಮಾನದಲ್ಲಿ ಅವನು ತನ್ನ ಕಟ್ಟು ಬಿಚ್ಚಿ ಎಲ್ಲರಿಗೂ ಮುರಿದು ಕೊಟ್ಟ. ನನ್ನ ಮುಂದೆ ಬಂದಾಗ ಕೈ ತಡೆಯಿತು.

“ಗೌಡ್ರಿಗೆ ಗ್ಯಾಸ್ ಟ್ರಬಲ್,” ಎಂದು ಅವನೇ ಹೇಳಿ ಮುಂದೆ ಹೋದ. ತಾಳದಾಕೆ ಕಿಸಕ್ಕೆಂದು ನಕ್ಕಳು. ನಾನು ಕಿಟಕಿಯ ಹೊರಗೆ ಮೋಡ ನೋಡಿದೆ.

ಆ ಊರಿನ ಸಭಾಭವನದ ಅಂಗಳದಲ್ಲಿ ನಮ್ಮನ್ನು ಇಬ್ಬಿಬ್ಬರಾಗಿ ಹಂಚಿದರು. ಟೀಚರಮ್ಮ ಪಟ್ಟಿ ಓದಿದರು. ಮುಂದಿನ ದನಿ ಹಿಂದಿನ ದನಿ ಒಂದೇ ಮನೆ.

“ಟೀಚರಮ್ಮ, ಜರಾ ಬದಲಿ ಮಾಡಾಕ ಬರ್ತದೇನ್ರಿ?” ಎಂದು ಮೆಲ್ಲಗೆ ಕೇಳಿದೆ.

“ಯಾಕ್ರಿ?”

“ಅಂವ ಗೊರಕಿ ಹೊಡೀತಾನ.”

“ಬ್ಯಾರೆ ಬ್ಯಾರೆ ಖೋಲಿ ಅವರಿ. ನೀವಿಬ್ರೂ ಸಂಗಟ ಇದ್ರ ದನಿ ಕೂಡ್ತಾವ. ಹೋಗ್ರಿ ಸುಮ್ನ.”

ನಮ್ಮನ್ನು ಕರೆದುಕೊಂಡು ಹೋದವರು ಗಂಡ ಹೆಂಡತಿ, ಇಬ್ಬರಿಗೂ ಎಪ್ಪತ್ತರ ಹತ್ತಿರ. ಆಕೆ ಬಟ್ಟೆ ಹೊಲಿಯುವ ಕೆಲಸ ಮಾಡಿದಾಕೆ, ಆ ಊರಿನ ಮೇಳದಲ್ಲಿ ಹಾಡುತ್ತಿದ್ದಳು. ಆಕೆಯ ಗಂಡ ಸೈಕಲ್ ರಿಪೇರಿ ಮಾಡುತ್ತಿದ್ದ, ಎತ್ತರದ ಮನುಷ್ಯ, ಮಾತು ಕಡಿಮೆ. ದೊಡ್ಡವರಾಗಿ ಹೋದ ಮಕ್ಕಳ ಎರಡು ಖೋಲಿಗಳನ್ನು ನಮಗೆ ಬಿಟ್ಟಿದ್ದರು. ರಾತ್ರಿ ಎಂಟಾಗಿತ್ತು, ಆದರೂ ಬಿಸಿಲು ನಮ್ಮ ನಾಲ್ಕು ಗಂಟೆಯ ಬಿಸಿಲಿನ ಹಾಗೆ ಇತ್ತು. ಅಡಿಗೆಮನೆಯ ಮೇಜಿನ ಮೇಲೆ ಒಂದೇ ದೊಡ್ಡ ಪಾತ್ರೆಯಲ್ಲಿ ತರಕಾರಿ ಸಾರು, ಒಂದೇ ಸೌಟು, ನಾಲ್ಕು ತಟ್ಟೆ.

ನನ್ನ ಹಿಂದಿನ ದನಿಯವನು ಮಹಡಿಯ ಮೇಲೆ ಮುಖ ತೊಳೆಯುತ್ತಿದ್ದ. ನಾನು ಮೇಜನ್ನು ನೋಡಿದೆ. ನನ್ನ ತಂದೆ, ತಂದೆಯ ತಂದೆ, ಯಾರೂ ಆ ಕೇರಿಯವರ ಜೊತೆ ಒಂದೇ ಪಾತ್ರೆಯಿಂದ ಉಂಡವರಲ್ಲ. ಇಲ್ಲಿ ನೋಡುವವರು ಯಾರೂ ಇಲ್ಲ ಎಂದು ಅನಿಸಬೇಕಿತ್ತು. ಅನಿಸಲಿಲ್ಲ. ನಾನೇ ನೋಡುತ್ತಿದ್ದೆನಲ್ಲ.

ಟೀಚರಮ್ಮ ನಮ್ಮೆಲ್ಲರಿಗೂ ಫೋನಿನಲ್ಲಿ ಮಾತಾಡುವುದನ್ನು ಕಲಿಸಿದ್ದರು. ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಯಲ್ಲಿ ಹೇಳುತ್ತಿತ್ತು. ಅದಕ್ಕೆ ನಮ್ಮ ಕಡೆಯ ಮಾತು ತಿಳಿಯುವುದಿಲ್ಲ, ಪುಸ್ತಕದ ಕನ್ನಡವೇ ಬೇಕು. ಆದ್ದರಿಂದ ನನ್ನ ಸುಳ್ಳನ್ನು ನಾನು ಶುದ್ಧ ಕನ್ನಡದಲ್ಲಿ, ರೇಡಿಯೋದ ವಾರ್ತೆ ಓದುವ ಹಾಗೆ ಹೇಳಿದೆ: “ನಮ್ಮ ನಾಡಿನಲ್ಲಿ ಒಂದು ಪದ್ಧತಿ ಇದೆ. ಮುಂದೆ ಹಾಡುವವನು ಮೊದಲು ಒಬ್ಬನೇ ಊಟ ಮಾಡಬೇಕು. ಹಿಂದೆ ಹಾಡುವವನು ಅವನ ನಂತರ, ಬೇರೆ ಮೇಜಿನಲ್ಲಿ ಊಟ ಮಾಡಬೇಕು.”

ಫೋನು ಒಂದು ಗಳಿಗೆ ಸುಮ್ಮನಿದ್ದು, ಹೆಣ್ಣಿನ ಇಂಪಾದ ದನಿಯಲ್ಲಿ, ತಡವರಿಸದೆ ಅದನ್ನು ಹೇಳಿತು.

ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಗಂಡನಿಗೆ ಏನೋ ಹೇಳಿದಳು. ಆತ ಕೂಡಲೇ ಎದ್ದು ಕಿಟಕಿಯ ಪಕ್ಕಕ್ಕೆ ಒಂದು ಸಣ್ಣ ಮೇಜು ಎಳೆದ. ಆಕೆ ಬೀರುವಿನಿಂದ ಒಂದು ಬಟ್ಟೆ ತೆಗೆದು, ಇಸ್ತ್ರಿ ಮಾಡಿ, ಅದರ ಮೇಲೆ ಹಾಸಿದಳು. ಅಂಗಳದಿಂದ ಒಂದು ಹೂವು ತಂದು ಗ್ಲಾಸಿನಲ್ಲಿಟ್ಟಳು. ನನ್ನ ತಟ್ಟೆ ಮಾತ್ರ ದೊಡ್ಡ ಮೇಜಿನ ಮೇಲೆ ಬಿಟ್ಟು, ಉಳಿದ ಮೂರು ಎತ್ತಿದಳು. ನಾನು ಒಬ್ಬನೇ ಎಂದು ಹೇಳಿದ್ದೆನಲ್ಲ, ಗಂಡಹೆಂಡತಿ ಇಬ್ಬರೂ ಹೊರಗೆ ಹೋಗಿ ನಿಂತರು.

ಅವನು ಮೆಟ್ಟಿಲಿಳಿದು ಬಂದ. ದೊಡ್ಡ ಮೇಜು ನೋಡಿದ, ಸಣ್ಣ ಮೇಜು ನೋಡಿದ, ಆಮೇಲೆ ನನ್ನನ್ನು ನೋಡಿದ. ಯಾರೂ ಏನೂ ಹೇಳಬೇಕಾಗಲಿಲ್ಲ.

“ಇಲ್ಲಿ ಸುದ್ದಾ ಏನ್ರಿ ಗೌಡ್ರೆ?” ಅಂದ. “ಏಳು ಸಮುದ್ರ ದಾಟಿ ಬಂದೀವಿ. ಊರ ಬಾವಿ ಸುದ್ದಾ ಹೊತ್ಕೊಂಡು ಬಂದೀರೇನು?”

“ಇವ್ರ ಪದ್ಧತಿ ಇರ್ಬೇಕು,” ಅಂದೆ.

“ಹೌದು, ಇವ್ರದೇ,” ಅಂದು ಅವನು ಹೊರಗೆ ಹೋಗಿ ಸೈಕಲ್‌ಗಳ ಹತ್ತಿರ ನಿಂತ.

ನಾನು ಮೂರು ಖಾಲಿ ಕುರ್ಚಿಗಳ ಎದುರು ಸಾರು ಕುಡಿದೆ. ಅದರಲ್ಲಿ ಉಪ್ಪು ಬರೋಬರಿ ಇತ್ತು, ಆದರೂ ಸಪ್ಪೆ.

ಮಾರನೆಯ ದಿನದಿಂದ ನನ್ನ ಸುಳ್ಳು ತನ್ನ ಕಾಲ ಮೇಲೆ ತಾನೇ ನಡೆಯತೊಡಗಿತು. ಅತಿಥಿ ಒಬ್ಬನೇ ಉಣ್ಣುವುದು ಆ ಮನೆಯವರಿಗೆ ಕಷ್ಟವಾಗಿರಬೇಕು. ನನ್ನ ವಿಷಯದಲ್ಲಿ ಪದ್ಧತಿ ಮುರಿಯುವಂತಿರಲಿಲ್ಲ. ಆದರೆ ಹಿಂದೆ ಹಾಡುವವನು ಒಬ್ಬನೇ ಉಣ್ಣಬೇಕೆಂದು ನಾನು ಹೇಳಿರಲಿಲ್ಲ. ಆದ್ದರಿಂದ ಮೊದಲ ಪಂಕ್ತಿಗೆ ನಾನೊಬ್ಬ, ಎರಡನೇ ಪಂಕ್ತಿಗೆ ಅವರು ಮೂವರು. ಆ ಸಣ್ಣ ಮೇಜಿಗೆ ಮೂರು ಕುರ್ಚಿ ಒತ್ತಿ ಒತ್ತಿ ಹಾಕಿಕೊಂಡು, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂಡುತ್ತಿದ್ದರು. ನಾನು ಬೇಗ ಬೇಗ ನುಂಗಿ ಅಂಗಳದ ಬೆಂಚಿನ ಮೇಲೆ ಕೂತರೆ, ಕಿಟಕಿಯಿಂದ ಅವರ ನಗು ಕೇಳುತ್ತಿತ್ತು.

ಮಾತು ಕಡಿಮೆ ಎಂದೆನಲ್ಲ, ಆ ಮನೆಯಾತ ಎರಡನೇ ಪಂಕ್ತಿಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಇವನು ಅವರಿಗೆ ಖಡಕ್ ರೊಟ್ಟಿ ಸಾರಿನಲ್ಲಿ ಅದ್ದಿ ತಿನ್ನುವುದನ್ನು ಕಲಿಸಿದ. ಆತ ಇವನಿಗೆ ಸೈಕಲ್ ಚೈನು ಕೂಡಿಸುವ ಹೊಸ ಸಾಮಾನು ತೋರಿಸಿದ. ಮೂರನೆಯ ದಿನ ಕಿಟಕಿಯಿಂದ ಬೀಜದ ಪದ ಕೇಳಿಸಿತು. ಇವನು ಮುಂದಿನ ದನಿಯಲ್ಲಿ ಹೇಳುತ್ತಿದ್ದ, ಅವರಿಬ್ಬರೂ ಎತ್ತಿಕೊಳ್ಳುತ್ತಿದ್ದರು. ‘ಬೆಳಕ ಅದ’ ಎನ್ನುವಲ್ಲಿ ಆತನ ನಾಲಿಗೆ ಮಡಚುತ್ತಿರಲಿಲ್ಲ, ಆದರೂ ಸಾಲು ಬೀಳಗೊಡುತ್ತಿರಲಿಲ್ಲ. ಉಸಿರು ಎಲ್ಲಿ ತಗೊಳ್ಳಬೇಕು, ಎಲ್ಲಿ ಹಿಡಿಯಬೇಕು ಎಂದು ಇವನು ಮೇಜು ಬಡಿದು ಬಡಿದು ತೋರಿಸುತ್ತಿದ್ದ. ನಾಲ್ಕು ದಿನದಲ್ಲಿ ಪಕ್ಕದ ಮನೆಯವರೂ ಬಂದು ಕಿಟಕಿಯ ಹತ್ತಿರ ನಿಂತು ಕಲಿತರು. ನಾನು ಬೆಂಚಿನ ಮೇಲೆ ನನ್ನ ಬಾಟಲಿ ಹಿಡಿದು ಕೂತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ಯಾರಾದರೂ ನನ್ನ ಹತ್ತಿರ ಬಂದರೆ ತಲೆಬಾಗಿ ನಕ್ಕು, ಸದ್ದು ಮಾಡದೆ ಹಿಂದೆ ಸರಿಯುತ್ತಿದ್ದರು. ಅವರ ಕಣ್ಣಿಗೆ ನಾನು ವ್ರತ ಹಿಡಿದವನು.

ಒಮ್ಮೆ ಅವನು ಬಂದು ಬೆಂಚಿನ ಇನ್ನೊಂದು ತುದಿಗೆ ಕೂತ.

“ಗೌಡ್ರೆ, ಊಟ ಆತೇನ್ರಿ?”

“ಆತು.”

“ಒಬ್ರೇ ಉಂಡ್ರ ಹೆಂಗ ಅನಸ್ತದ?”

ನಾನು ಬಾಟಲಿಯ ಮುಚ್ಚಳ ತಿರುಗಿಸಿದೆ. ಅವನು ಕುಚೇಷ್ಟೆಗೆ ಕೇಳಿದ್ದಲ್ಲ ಎಂದು ಈಗ ಅನಿಸುತ್ತದೆ. ಅವನಿಗೆ ಅದು ಹೇಗೆಂದು ಚೆನ್ನಾಗಿ ಗೊತ್ತಿತ್ತು. ನನಗೆ ಗೊತ್ತಾಯಿತೇ ಎಂದು ಕೇಳುತ್ತಿದ್ದ.

ಐದನೆಯ ದಿನ ಸಂಜೆ ನಮ್ಮ ಹಾಡು. ಸಭಾಭವನ ತುಂಬಿ, ಗೋಡೆಗೆ ಒರಗಿ ಜನ ನಿಂತಿದ್ದರು. ನಮ್ಮ ಹೆಂಗಸರು ಇಳಕಲ್ ಸೀರೆ ಉಟ್ಟಿದ್ದರು, ನಾವು ಗಂಡಸರು ಧೋತರ, ಅಂಗಿ, ರುಮಾಲು. ವೇದಿಕೆಯ ಮೇಲೆ ನಾನು ಮುಂದೆ, ಅವನು ನನ್ನ ಎಡ ಹೆಗಲ ಹಿಂದೆ. ಹಾಡಿಗೆ ಮೊದಲು ಅತಿಥಿಗಳನ್ನು ಇಟ್ಟುಕೊಂಡವರ ಪರವಾಗಿ ಒಬ್ಬರು ಮಾತಾಡಬೇಕೆಂದಿತ್ತು. ನಮ್ಮಿಬ್ಬರನ್ನು ಇಟ್ಟುಕೊಂಡಿದ್ದ ಮನೆಯಾಕೆಯೇ ಬಂದಳು. ಒಬ್ಬ ಹುಡುಗಿ ಅದನ್ನು ಇಂಗ್ಲಿಷಿಗೆ ಹೇಳುತ್ತಿದ್ದಳು, ಟೀಚರಮ್ಮ ಮೈಕಿನಲ್ಲಿ ನಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದರು.

“ಇವರು ನಮ್ಮ ಮನೆಗೆ ಬಂದದ್ದು ನಮ್ಮ ಭಾಗ್ಯ ಅಂತ ಹೇಳ್ಲಿಕತ್ತಾರ,” ಅಂದರು ಟೀಚರಮ್ಮ. “ಇವರಿಂದ ಭಾಳ ಕಲ್ತೀವಿ ಅಂತಾರ. ಇವರ ನಾಡಿನಾಗ ಒಂದು ಚಂದ ಪದ್ಧತಿ ಅದ ಅಂತ. ಮುಂದ ಹಾಡಾಂವ ಮೊದಲ ಒಬ್ಬನೇ ಉಣ್ತಾನ, ಹಿಂದ ಹಾಡಾಂವ ಆಮ್ಯಾಲ, ಬ್ಯಾರೆ ಮೇಜಿಗೆ...”

ಅಲ್ಲಿಗೆ ಟೀಚರಮ್ಮನ ಮಾತು ನಿಂತಿತು. ಅವರು ತಿರುಗಿ ನನ್ನನ್ನು ನೋಡಿದರು. ಆ ನೋಟ ನನಗೆ ಇನ್ನೂ ನೆನಪಿದೆ. ಸಿಟ್ಟಲ್ಲ, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಟೀಚರು ನೋಡುವ ಹಾಗೆ.

“ನಮ್ಮ ನಾಡಿನಾಗ?” ತಾಳದಾಕೆ ನನ್ನ ಬೆನ್ನ ಹಿಂದೆ ಅಂದಳು. “ಯಾವ ನಾಡ್ರಿ ಅದು? ನಾ ಹುಟ್ಟಿ ಎಪ್ಪತ್ತು ವರ್ಷ ಆತು, ಪದ ಹೇಳಾಂವ ಒಬ್ಬನೇ ಉಣ್ಣೂದು ನೋಡಿಲ್ಲ.”

“ಸುಮ್ನಿರು ಆಯಿ,” ಎಂದು ಯಾರೋ ಅಂದರು. “ಯಾವ ಪದ್ಧತಿ ಅಂತ ಎಲ್ಲರಿಗೂ ಗೊತ್ತದ.”

ಜನ ಚಪ್ಪಾಳೆ ತಟ್ಟಿದರು. ಮನೆಯಾಕೆ ನನ್ನತ್ತ ಕೈ ಚಾಚಿ ತೋರಿಸಿ, ಕಣ್ಣು ತುಂಬಿಕೊಂಡು ಕೆಳಗಿಳಿದಳು. ಡಪ್ಪಿನ ಬಡಿತ ಶುರುವಾಯಿತು. ತಾಳ ಬಿತ್ತು. ನಾನು ಬಾಯಿ ತೆರೆದೆ.

ದನಿ ಬರಲಿಲ್ಲ. ಪದ ಮರೆತಿರಲಿಲ್ಲ, ಸಾಲು ನಾಲಿಗೆಯ ಮೇಲೇ ಇತ್ತು. ಗಂಟಲು ಮಾತ್ರ ಬಾಗಿಲು ಹಾಕಿಕೊಂಡಿತ್ತು. ತಾಳ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಹದಿನಾಲ್ಕು ಜನರ ಪಾಸ್‌ಪೋರ್ಟು, ತಾಲೀಮಿನ ಎಲ್ಲ ಶನಿವಾರ, ಎಲ್ಲವೂ ತೆರೆದ ನನ್ನ ಬಾಯಿಯಲ್ಲಿ ನಿಂತಿದ್ದವು.

ಅವನು ಸುಮ್ಮನಿರಬಹುದಿತ್ತು. ಆ ಹೊತ್ತಿನಲ್ಲಿ ಅವನು ಸುಮ್ಮನೆ ನಿಂತಿದ್ದರೆ ನಾನು ಆ ಜನದ ಮುಂದೆ, ನಮ್ಮ ಮೇಳದ ಮುಂದೆ ಮಣ್ಣಾಗುತ್ತಿದ್ದೆ. ಅದು ನ್ಯಾಯವೂ ಆಗಿರುತ್ತಿತ್ತು. ಆದರೆ ಹಿಂದಿನ ದನಿಯವನು ಪದ ಬೀಳಗೊಡಬಾರದು. ನನ್ನ ಎಡ ಹೆಗಲ ಹಿಂದಿನಿಂದ ಸಾಲು ಎದ್ದಿತು. ನಾನೇ ಹೇಳಲು ಶುರು ಮಾಡಿದ್ದೆನೋ, ಅವನು ಅದನ್ನು ಎತ್ತಿಕೊಂಡನೋ ಎನ್ನುವ ಹಾಗೆ ಎದ್ದಿತು. ಎದುರಿನವರಿಗೆ ಗೊತ್ತಾಗಲೇ ಇಲ್ಲ.

ಎರಡನೇ ಸಾಲಿಗೆ ಅವನು ಮುಂದೆ ಬಂದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ತಾಯಿಯ ಪದ ಮಗನ ಬಾಯಲ್ಲಿ ಹೇಗಿರುತ್ತದೆ ಎಂದು ಅವತ್ತು ಕೇಳಿದೆ. ಅದನ್ನು ನಾನು ಯಾವತ್ತೂ ಸರಿಯಾಗಿ ಹೇಳಿರಲೇ ಇಲ್ಲ. ನಾನು ಅದನ್ನು ಎತ್ತರಕ್ಕೆ ಒಯ್ಯುತ್ತಿದ್ದೆ. ಅವನು ನೆಲಕ್ಕೆ ತಂದ, ಸಾಲಿನಿಂದ ಸಾಲಿಗೆ ಬಗ್ಗಿ ಬಗ್ಗಿ ಕಳೆ ತೆಗೆಯುವಾಕೆಯ ಉಸಿರಿನ ಹಾಗೆ. ಪಲ್ಲವಿ ಬಂದಾಗ ಎತ್ತಿಕೊಳ್ಳುವವರು ಯಾರು? ಹಿಂದಿನ ದನಿ ಮುಂದೆ ಹೋಗಿತ್ತು. ನನ್ನ ಗಂಟಲು ಇನ್ನೂ ತೆರೆದಿರಲಿಲ್ಲ.

ಸಭೆಯ ಮೂರನೇ ಸಾಲಿನಿಂದ ಆ ಎತ್ತರದ ಸೈಕಲ್ಲಿನ ಮನುಷ್ಯ ಎದ್ದು ನಿಂತ. ನಾಲಿಗೆ ಮಡಚದ ಅದೇ ಕನ್ನಡದಲ್ಲಿ ಪಲ್ಲವಿ ಎತ್ತಿಕೊಂಡ. ಪಕ್ಕದಲ್ಲಿ ಹೆಂಡತಿ ಎದ್ದಳು. ಕಿಟಕಿಯ ಹತ್ತಿರ ನಿಂತು ಕಲಿತಿದ್ದ ನೆರೆಯವರು ಎದ್ದರು. ಮೂರನೇ ಸುತ್ತಿಗೆ ಅವರ ಊರಿನ ಮೇಳ, ನಾಲ್ಕನೇ ಸುತ್ತಿಗೆ ಗೋಡೆಗೆ ಒರಗಿದವರು. ‘ಬಿತ್ತಿದಾಕಿ ಕೈಯಾಗ ಬೆಳಕ ಅದ’ ಎಂದು ಆ ಕಟ್ಟಡವೇ ಹೇಳಿತು. ನ್ಯಾಲ್ಕಲ್‌ ಕಡೆಯ ಶುಂಠಿ ಹೊಲದಲ್ಲಿ ಬಗ್ಗಿದ್ದ ಒಬ್ಬ ಕೂಲಿ ಹೆಂಗಸಿನ ಸಾಲನ್ನು ಅಷ್ಟು ಜನ ತಮ್ಮ ಬಾಯಿಂದ ಎತ್ತಿಕೊಂಡರು. ತಾಳದಾಕೆ ಅಳುತ್ತಾ ತಾಳ ಹಾಕುತ್ತಿದ್ದಳು, ಒಂದು ಪೆಟ್ಟೂ ತಪ್ಪಲಿಲ್ಲ. ನನ್ನ ಗಂಟಲು ಯಾವಾಗ ತೆರೆಯಿತೋ ತಿಳಿಯದು. ಅವನ ಹೆಗಲ ಹಿಂದೆ ನಿಂತು ನಾನೂ ಎತ್ತಿಕೊಳ್ಳುತ್ತಿದ್ದೆ. ನನ್ನ ಜನ್ಮದಲ್ಲಿ ನಾನು ಅಷ್ಟು ಚೆನ್ನಾಗಿ ಹಾಡಿದ್ದಿಲ್ಲ.

ಮೂರು ಸಲ ಹೇಳಿಸಿದರು. ಜನ ಬಿಡಲೊಲ್ಲರು. ಇಳಿದು ಬರುವಾಗ ಟೀಚರಮ್ಮ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನನ್ನು ದಾಟಿ ಮುಂದೆ ಹೋದರು.

ಹಾಡಾದ ಮೇಲೆ ಅಲ್ಲೇ ಎಲ್ಲರಿಗೂ ಊಟ. ಉದ್ದುದ್ದ ಮೇಜು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ದೊಡ್ಡ ದೊಡ್ಡ ಬೋಗುಣಿಯಲ್ಲಿ ಪಲ್ಯ. ಎಲ್ಲರೂ ನಿಂತಿದ್ದರು. ಯಾಕೆಂದರೆ ಮೇಜಿನ ತುದಿಯಲ್ಲಿ ಒಂದೇ ಕುರ್ಚಿ, ಒಂದೇ ತಟ್ಟೆ ಇಟ್ಟಿದ್ದರು. ಆ ಮನೆಯಾಕೆ ಊರಿಗೆಲ್ಲ ಪದ್ಧತಿ ತಿಳಿಸಿದ್ದಳು. ಆಕೆ ನನ್ನ ತೋಳು ಹಿಡಿದು ಕುರ್ಚಿಯ ಕಡೆಗೆ ಕರೆದಳು. ನಮ್ಮ ಹನ್ನೆರಡು ಜನ ನೆಲ ನೋಡುತ್ತಾ ನಿಂತರು.

ಅವನು ಅವರ ನಡುವಿನಿಂದ ಬಂದ. ಕೈಯಲ್ಲಿ ಖಡಕ್ ರೊಟ್ಟಿಯ ಕಟ್ಟಿನಲ್ಲಿ ಉಳಿದದ್ದು. ನನ್ನ ಅಂಗಿಯ ಜೇಬಿನಿಂದ ನನ್ನ ಫೋನನ್ನೇ ತೆಗೆದ. ಅವನ ಕನ್ನಡ ನನ್ನದಕ್ಕಿಂತ ಪುಸ್ತಕದ್ದು: “ಅಮ್ಮಾ, ನೀವು ಹೇಳಿದ ಪದ್ಧತಿ ಸರಿ. ಮುಂದೆ ಹಾಡಿದವನು ಮೊದಲು ಉಣ್ಣಬೇಕು. ಇವತ್ತು ಮುಂದೆ ಹಾಡಿದವನು ಯಾರು?”

ಫೋನು ಅದನ್ನು ಅದೇ ಇಂಪಾದ ದನಿಯಲ್ಲಿ ಹೇಳಿತು. ಆಕೆ ಬಾಯಿಗೆ ಕೈ ಇಟ್ಟುಕೊಂಡಳು, ಆಮೇಲೆ ಜೋರಾಗಿ ನಕ್ಕಳು, ನನ್ನ ತೋಳು ಬಿಟ್ಟು ಅವನ ತೋಳು ಹಿಡಿದಳು. ಸಭೆಯೆಲ್ಲ ನಕ್ಕು ಚಪ್ಪಾಳೆ ಹೊಡೆಯಿತು. ಅವನು ಆ ಕುರ್ಚಿಯಲ್ಲಿ ಕೂತ. ರುಮಾಲು ಸರಿ ಮಾಡಿಕೊಂಡ. ಅವಸರ ಮಾಡಲಿಲ್ಲ. ಒಂದು ಆಲೂಗಡ್ಡೆ ತಗೊಂಡ, ಸುಲಿದ, ಉಪ್ಪು ಹಚ್ಚಿದ, ಅಗಿದು ನುಂಗಿದ. ಒಂದು ಇಡೀ ಊರು ನಿಂತು ನೋಡುತ್ತಿತ್ತು. ನಾನೂ ನಿಂತಿದ್ದೆ.

ಆಮೇಲೆ ಅವನು ಗೋಡೆಗೆ ಒತ್ತಿಟ್ಟ ಕುರ್ಚಿಗಳಲ್ಲೊಂದನ್ನು ತನ್ನ ಪಕ್ಕಕ್ಕೆ ಎಳೆದ. ರೊಟ್ಟಿ ಮುರಿದು ಅರ್ಧ ನನ್ನ ಕಡೆ ಚಾಚಿದ.

“ಬರ್ರಿ ಗೌಡ್ರೆ, ಉಣ್ಣರಿ. ಪದ್ಧತಿ ಮುಗೀತು.”

“ಗೌಡ್ರ ಹೊಟ್ಟಿ?” ಎಂದು ಹಿಂದಿನಿಂದ ತಾಳದಾಕೆ ಕೂಗಿದಳು.

“ಹೊಟ್ಟಿಗೇನಾಗ್ಯದ, ಆರಾಮ ಅದ,” ಅಂದೆ. ಕೂತೆ. ಅವನ ಹೆಂಡತಿ ತಟ್ಟಿದ ರೊಟ್ಟಿ ತಿಂದೆ. ಅದೇ ಬೋಗುಣಿಯ ಪಲ್ಯ ಹಾಕಿಕೊಂಡೆ. ಎಲ್ಲರೂ ಗದ್ದಲ ಮಾಡುತ್ತಾ ಕೂತರು, ನಮ್ಮವರು, ಅವರವರು, ಒಬ್ಬರ ಪಕ್ಕ ಒಬ್ಬರು. ಐದು ದಿನದ ಮೇಲೆ ಮೊದಲ ಸಲ ಊಟ ರುಚಿಸಿತು.

ಜಹೀರಾಬಾದಿಗೆ ಮರಳಿದಾಗ ಬಸ್‌ಸ್ಟ್ಯಾಂಡಿನಿಂದ ಶಾಲೆಯವರೆಗೆ ಡಪ್ಪು ಬಾರಿಸುತ್ತಾ ಕರೆದೊಯ್ದರು. ಟೀಚರಮ್ಮ ಮೊದಲ ಹಾರ ಅವನಿಗೆ ಹಾಕಿಸಿದರು. ಅವತ್ತಿನಿಂದ ಮುಂದಿನ ದನಿ ಅವನದೇ, ಹಿಂದಿನ ದನಿ ನನ್ನದು. ತಾಂಡೂರಿನಲ್ಲಿ, ಕೊಡಂಗಲ್ಲಿನಲ್ಲಿ, ದೌಲತಾಬಾದಿನಲ್ಲಿ ಎಲ್ಲೆಲ್ಲೂ ಬೀಜದ ಪದ ಕೇಳುತ್ತಾರೆ. ನಾನು ಅವನ ಎಡ ಹೆಗಲ ಹಿಂದೆ ನಿಂತು ಎತ್ತಿಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಅದನ್ನು ಕಲಿತೆ, ಚೆನ್ನಾಗಿಯೇ ಕಲಿತೆ. ಗಡಿಗೆಯ ನೀರು ಕುಡಿಯುತ್ತೇನೆ. ಶನಿವಾರ ಅದನ್ನು ತುಂಬುವವನು ಈಗ ನಾನು.

ಟೀಚರಮ್ಮನಿಗೆ ವಿಮಾನ ನಿಲ್ದಾಣದಲ್ಲೇ ತಪ್ಪಾಯಿತು ಅಂದೆ. ಮೇಳದ ಎದುರು ಒಂದು ಶನಿವಾರ ಎದ್ದು ನಿಂತು ಹೇಳಿದೆ, ಅವತ್ತು ಅವನು ಜ್ವರವೆಂದು ಬಂದಿರಲಿಲ್ಲ. ಅವನಿಲ್ಲದ ದಿನವನ್ನೇ ನಾನು ಆರಿಸಿಕೊಂಡಿದ್ದೆ. ಆ ಜರ್ಮನಿಯ ಮನೆಯಾಕೆಗೆ ಫೋನಿನ ಪುಸ್ತಕದ ಕನ್ನಡದಲ್ಲಿ ಎಲ್ಲ ಹೇಳಿ ಕಳಿಸಿದೆ: ಅದು ಪದ್ಧತಿಯಲ್ಲ, ನಿಮ್ಮ ಕೈಯಿಂದ ನಾನು ಒಂದು ಕೆಟ್ಟ ಕೆಲಸ ಮಾಡಿಸಿದೆ. ಆಕೆ ಬಹಳ ದಿನ ಉತ್ತರ ಕೊಡಲಿಲ್ಲ. ಕೊಟ್ಟಾಗ ಇಷ್ಟೇ ಬರೆದಿದ್ದಳು: ‘ಆ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕಿದ ನನ್ನ ಕೈ ನೆನೆದು ಅಳು ಬಂತು. ಅವರಿಗೆ ಹೇಳಿದಿರಾ?’

ಆ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ.

ಪರದೇಶದವರಿಗೆ ಪರಭಾಷೆಯಲ್ಲಿ ಕ್ಷಮಿಸಿ ಎನ್ನುವುದು ಸುಲಭವಾಗಿತ್ತು. ಹೋದ ಚಳಿಗಾಲದಲ್ಲಿ ತಾಂಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಡವಾಗಿ, ನಾವಿಬ್ಬರೇ ಒಂದು ತಾಸು ಒಂದೇ ಬೆಂಚಿನ ಮೇಲೆ ಕೂತಿದ್ದೆವು. “ಅವತ್ತ ಜರ್ಮನಿದಾಗ...” ಎಂದು ಶುರು ಮಾಡಿದೆ. “ಆ ಮನುಷ್ಯಾ ಭಾಳ ಚಂದ ಸೈಕಲ್ ಇಟ್ಟಿದ್ದ, ಅಲ್ರಿ?” ಎಂದು ಅವನು ಎತ್ತಿಕೊಂಡ. ನನ್ನ ಸಾಲು ಬೀಳುವುದನ್ನು ಕಂಡು ಮುಚ್ಚಿಕೊಂಡನೋ, ನಿಜವಾಗಿಯೂ ಸೈಕಲ್ ನೆನಪಾಯಿತೋ ಕೇಳಲಿಲ್ಲ. ನಾನು ಉಸಿರು ತಗೊಂಡೆ. ಎಂದಿನಂತೆ ಹೋಗುವಾಗ “ಊಟ ಆತೇನ್ರಿ?” ಎಂದು ಕೇಳಿದ. “ಆತು,” ಅಂದೆ.

ಬರೆದದ್ದನ್ನು ಅವನು ಓದುತ್ತಾನೆ. ಲೈಬ್ರರಿ ಮುಗಿಸಿದವನಿಗೆ ಇದು ಎಷ್ಟರದು. ಅವನಿಗೆ ತಿಳಿಯಲೆಂದು ಸ್ಪಷ್ಟವಾಗಿ ಹೇಳುತ್ತೇನೆ. ನಾನು ಎಲ್ಲರ ಹತ್ತಿರ ಕ್ಷಮೆ ಕೇಳಿ, ಮುಖಕ್ಕೆ ಮುಖ ಕೊಟ್ಟು ಈವರೆಗೆ ಕೇಳದೇ ಉಳಿಸಿದ್ದು ಒಬ್ಬನ ಹತ್ತಿರ: ನಮ್ಮೂರ ಕೇರಿಯ ಮೊದಲ ಮನೆಯವನು, ಬೀಜದ ಪದ ಕಟ್ಟಿದಾಕೆಯ ಮಗ, ನಮ್ಮ ಮೇಳದ ಮುಂದಿನ ದನಿ, ಎರಡು ವರ್ಷ ದೊಡ್ಡವನಾದರೂ ಒಂದು ದಿನವೂ ನಾನು ಅಣ್ಣ ಎಂದು ಕರೆಯದ ನನ್ನ ಅಣ್ಣ.